ನನ್ನ ತಲೆಯೊಳಗಿನ ಕಾಮೆಂಟರಿ

ಮಾತು ನಿಲ್ಲಿಸಬೇಡ ಎಂದು ನನಗೆ ಜೀವನದಲ್ಲಿ ಹೇಳಿದ್ದು ಆ ಮೆದುಳಿನ ಡಾಕ್ಟರೊಬ್ಬರೇ. ಮಿಕ್ಕವರೆಲ್ಲ ಬಾಯಿ ಮುಚ್ಚು ಅಂದವರೇ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಬೆಂಗಳೂರಿನ ಶಿವಾಜಿನಗರದ ಬಟ್ಟೆ ಅಂಗಡಿಯೊಂದರ ಮುಂದೆ ನಿಂತು ಗಿರಾಕಿಗಳನ್ನು ಕೂಗಿ ಕರೆಯುವುದು ನನ್ನ ಕೆಲಸ. ಭಾನುವಾರ ಬಂತೆಂದರೆ ಮರ್ಫಿ ಟೌನಿನ ಹುಡುಗರ ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಮೈಕು ಹಿಡಿದು ಕನ್ನಡ, ತಮಿಳು, ಉರ್ದು ಎಲ್ಲ ಬೆರೆಸಿ ಕಾಮೆಂಟರಿ ಒದರುತ್ತಿದ್ದೆ. ಮಾತೇ ನನ್ನ ಅನ್ನ, ಮಾತೇ ನನ್ನ ಹುಚ್ಚು.

ಅಂಥ ಹೊತ್ತಿನಲ್ಲೇ, ಚಿಕ್ಕಂದಿನ ಕೀಲುನೋವಿನ ಜ್ವರದಲ್ಲಿ ಹಾಳಾಗಿದ್ದ ನನ್ನ ಹೃದಯದ ಕವಾಟಕ್ಕೆ ಸೋಂಕು ತಗಲಿತು. ಆ ಸೋಂಕಿನ ಚೂರೊಂದು ರಕ್ತದಲ್ಲಿ ತೇಲಿಹೋಗಿ ಮೆದುಳಿನ ಎಡಗಡೆ ಸಿಕ್ಕಿಕೊಂಡು, ಅಲ್ಲಿನ ರಕ್ತನಾಳ ಕೊಳೆತು ಬಲೂನಿನಂತೆ ಉಬ್ಬಿತ್ತು. ವಾರಗಟ್ಟಲೆ ಡ್ರಿಪ್ಪಿನಲ್ಲಿ ಆಂಟಿಬಯಾಟಿಕ್ ಹರಿಸಿದರೂ ಉಬ್ಬು ಇಳಿಯಲಿಲ್ಲ. ಕವಾಟ ಬದಲಿಸದಿದ್ದರೆ ಜೀವ ಉಳಿಯದು. ಬದಲಿಸಲು ರಕ್ತ ತೆಳುವಾಗಿಸಬೇಕು, ತೆಳುವಾಗಿಸಿದರೆ ಉಬ್ಬು ಒಡೆದೀತು. ಹಾಗಾಗಿ ಮೊದಲು ತೊಡೆಸಂದಿಯಿಂದ ಸಪೂರ ನಳಿಗೆ ತೂರಿಸಿ, ಆ ನಾಳವನ್ನು ಒಂದು ಬಗೆಯ ಗೋಂದಿನಿಂದ ಮುಚ್ಚುವುದೆಂದಾಯಿತು.

"ಅದು ಮಾತಿನ ಜಾಗದ ಹತ್ರಾನೇ ಇದೆ," ಅಂದರು ಮೆದುಳಿನ ಡಾಕ್ಟರು. "ಮೊದ್ಲು ಅಲ್ಲಿಗೆ ಸ್ವಲ್ಪ ಹೊತ್ತು ಮರಗಟ್ಟಿಸೋ ಔಷಧಿ ಬಿಟ್ಟು ನೋಡ್ತೀನಿ. ನೀವು ಮಾತಾಡ್ತಾನೇ ಇರ್ಬೇಕು. ಮಾತು ನಿಂತ್ರೆ ಗೋಂದು ಹಾಕೋ ಹಾಗಿಲ್ಲ."

ಆ ದಿನ ಅಮ್ಮ ಬೆಳಗಿನಿಂದ ಏನೂ ತಿನ್ನದೆ ಆಪರೇಷನ್ ಕೋಣೆಯ ಬಾಗಿಲ ಹೊರಗೆ ಕೂತಿದ್ದಳು. ಒಳಗೆ ಮೇಜಿನ ಮೇಲೆ ಎಚ್ಚರವಾಗಿಯೇ ಮಲಗಿದ್ದ ನನಗೆ ಪರದೆಯಲ್ಲಿ ನನ್ನದೇ ತಲೆಯ ನಾಳಗಳು ಕಂಡವು. ಹೆದರಿಕೆಗಿಂತ ಹುರುಪೇ ಹೆಚ್ಚಾಯಿತು. ಇಂಥ ಮೈದಾನ ಇನ್ಯಾವನಿಗೆ ಸಿಕ್ಕೀತು!

"ನಳಿಗೆ ಒಳಗೆ ಬರ್ತಾ ಇದೆ, ಕತ್ತು ದಾಟ್ತು, ಎಡಕ್ಕೆ ತಿರುಗ್ತು, ಕ್ಯಾ ಟರ್ನ್ ಹೈ, ಮಗಾ!"

ನರ್ಸಮ್ಮ ಕಿಸಕ್ಕನೆ ನಕ್ಕರು.

"ಔಷಧಿ ಬಿಡ್ತಿದೀನಿ," ಅಂದರು ಡಾಕ್ಟರು.

ನಾನು ಗಪ್‌ಚುಪ್.

"ಮಾತು ಹೋಯ್ತು! ನಿಲ್ಸಿ!" ಎಂದು ಪಕ್ಕದಲ್ಲಿದ್ದ ಇನ್ನೊಬ್ಬ ಡಾಕ್ಟರು ಕೂಗಿಕೊಂಡರು. ಮಾತೆಲ್ಲಿ ಹೋಯಿತು, ಮಣ್ಣು! ಬೌಲರ್ ಓಡಲು ಶುರುಮಾಡಿದರೆ ಮೈಕು ಕೆಳಗಿಳಿಸಬೇಕೆಂಬುದು ನಮ್ಮ ಮೈದಾನದ ಕಟ್ಟುಪಾಡು. ಬ್ಯಾಟಿಂಗಿನವನ ಗಮನ ಕೆಡಿಸಿದರೆ ಒದೆ ಗ್ಯಾರಂಟಿ. ಆ ಚಾಳಿಯೇ ಇಲ್ಲಿ ನನ್ನ ಬಾಯಿ ಕಟ್ಟಿತ್ತು.

"ಇದೆ ಸಾರ್, ಮಾತಿದೆ! ಬಾಲ್ ಬೀಳ್ಲಿ ಅಂತ ಕಾಯ್ತಿದ್ದೆ!"

"ರೀ, ತಮಾಷೆ ಮಾಡ್ತೀರೇನ್ರೀ? ಮಾತಾಡ್ರೀ!" ಡಾಕ್ಟರು ಕೆಂಡವಾದರು.

ಆಮೇಲೆ ನೋಡಿ, ಮೂರೂ ಭಾಷೆಯಲ್ಲಿ ಹರಿಯಬಿಟ್ಟೆ. ಔಷಧಿ ಪೂರ್ತಿ ಏರಿದರೂ ಒಂದು ಮಾತೂ ತಪ್ಪಲಿಲ್ಲ. ಹಿಗ್ಗು ತಡೆಯಲಾಗಲಿಲ್ಲ.

"ಸರಿ, ಈಗ ಗೋಂದು. ತುಟಿ ಪಿಟಕ್ ಅನ್ಬೇಡಿ."

ಗೋಂದು ಬಿಟ್ಟು, ಅದು ಅಂಟಿಕೊಳ್ಳುವ ಮೊದಲೇ ನಳಿಗೆಯನ್ನು ಸರಕ್ಕನೆ ಎಳೆದುಕೊಂಡರು. ಪರದೆಯಲ್ಲಿ ಉಬ್ಬು ಮಾಯ! ಇನ್ನು ಹೃದಯದ ಡಾಕ್ಟರು ಧೈರ್ಯವಾಗಿ ಕೈ ಹಾಕಬಹುದಿತ್ತು.

"ಈಗ ಮಾತಾಡಿ," ಅಂದರು.

ಆಗ ಭಯವಾಯಿತು, ನಿಜವಾದ ಭಯ. ಔಷಧಿಯ ಮರಗಟ್ಟುವಿಕೆ ಇಳಿದುಹೋಗುವಂಥದ್ದು, ಗೋಂದು ಹಾಗಲ್ಲ. ಬಾಯಿ ತೆರೆದು ಏನೂ ಬರದಿದ್ದರೆ? ಎಲ್ಲರೂ ನನ್ನ ತುಟಿಯನ್ನೇ ನೋಡುತ್ತಿದ್ದರು.

"ಅಮ್ಮ ಏನಾದ್ರೂ ತಿಂದ್ಲಾ, ಸಾರ್?"

ಡಾಕ್ಟರು ಕೈಗವಸು ಕಿತ್ತೆಸೆದು, ತಾವೇ ಹೋಗಿ ಬಾಗಿಲು ತೆರೆದರು. "ಏನಮ್ಮಾ, ಏನಾದ್ರೂ ತಿಂದ್ರಾ? ನಿಮ್ಮ ಮಗ ಕೇಳ್ತಿದಾನೆ."

ಅಮ್ಮ ಗೊಳೋ ಎಂದು ಅತ್ತದ್ದು ನಾನು ಮಲಗಿದ್ದಲ್ಲಿಗೇ ಕೇಳಿಸಿತು.