ಮತ್ತಿತರರು ಇದ್ದರು

ನಮ್ಮ ಮನೆಯವರು ಕುದೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ದಿನಪತ್ರಿಕೆಯೊಂದಕ್ಕೆ ಸುದ್ದಿಯನ್ನೂ ಕಳಿಸುತ್ತಾರೆ. ಅಂಗಡಿ ಹೊಟ್ಟೆಪಾಡಿಗೆ, ಪತ್ರಿಕೆ ಗತ್ತಿಗೆ. ಬೈಗುಳ ಮಾತ್ರ ನನ್ನ ಪಾಲಿಗೆ. ಬೆಳಿಗ್ಗೆ ಪೇಪರ್ ಬಿಡಿಸಿ ತಮ್ಮ ಹೆಸರು ಕಾಣದವರು ನೇರ ನಮ್ಮ ಬಾಗಿಲಿಗೇ ಬರುತ್ತಾರೆ. ಅಷ್ಟು ಹೊತ್ತಿಗೆ ಇವರು ಸರಿಯಾಗಿ ಬಚ್ಚಲು ಸೇರಿರುತ್ತಾರೆ.

ನಮ್ಮ ಕಡೆಯ ಸುದ್ದಿಗೆ ಒಂದು ಪದ್ಧತಿ ಇದೆ. ಯಾರು ಉದ್ಘಾಟಿಸಿದರು, ಏನು ಮಾತಾಡಿದರು ಎಂಬುದೆಲ್ಲ ಆದ ಮೇಲೆ ಬಂದವರ ಹೆಸರುಗಳು ಸಾಲಾಗಿ ನಿಂತು, ‘ಮತ್ತಿತರರು ಇದ್ದರು’ ಎಂದು ಮುಗಿಯಬೇಕು. ಭಾಷಣವನ್ನು ಯಾವ ಪುಣ್ಯಾತ್ಮನೂ ಓದುವುದಿಲ್ಲ. ಎಲ್ಲರ ಕಣ್ಣೂ ಹೋಗುವುದು ಆ ಬಾಲಕ್ಕೇ.

ನಾನು ಮದುವೆಯಾಗಿ ಬಂದಾಗ ಇವರು ಸುದ್ದಿಯನ್ನು ಕೈಯಲ್ಲಿ ಬರೆದು, ಕವರಿಗೆ ಹಾಕಿ, ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಎರಡು ಮೂರು ದಿನ ಬಿಟ್ಟು ಮೂಲೆಯಲ್ಲಿ ನಾಲ್ಕು ಸಾಲು ಬಂದರೆ ಊರಿಗೆಲ್ಲ ಸಂಭ್ರಮ. ಫೋಟೊ ಬಂದರೂ ಅದರಲ್ಲಿ ಮುಖ ಯಾವುದು, ಮಸಿ ಯಾವುದು ಗೊತ್ತಾಗುತ್ತಿರಲಿಲ್ಲ. ರಾಮನಗರ ಬೇರೆ ಜಿಲ್ಲೆಯಾದ ಮೇಲೆ ಪತ್ರಿಕೆಯವರು ನಮಗೆಂದೇ ಎರಡು ಪುಟ ಕೊಟ್ಟರು. ಬಣ್ಣವೂ ಬಂತು, ಜಗಳವೂ ಬಂತು. ರಾಮನಗರದ ರೇಷ್ಮೆ ಮಾರುಕಟ್ಟೆ, ಚನ್ನಪಟ್ಟಣದ ಕಾಡಾನೆ, ಕನಕಪುರದ ರಾಜಕೀಯ ಮೂರೂ ಉಂಡು ಮಿಕ್ಕಿದ್ದು ನಮ್ಮ ಮಾಗಡಿ ತಾಲ್ಲೂಕಿಗೆ. ಜಾಗ ಸಾಲದಿದ್ದರೆ ಬೆಂಗಳೂರಿನ ಡೆಸ್ಕಿನವರು ಸುದ್ದಿಯನ್ನು ಬಾಲದ ಕಡೆಯಿಂದ ಕತ್ತರಿಸುತ್ತಾರೆ.

ಹೋದ ವರ್ಷ ಹಾಗೆ ಕತ್ತರಿಸಿದಾಗ ಹೋದದ್ದು ನನ್ನ ಅಣ್ಣನ ಹೆಸರು.

ಅಣ್ಣ ಗುಡೇಮಾರನಹಳ್ಳಿಯಲ್ಲಿ ಬೇಸಾಯಗಾರ. ಊರಿನ ಅಂಗನವಾಡಿಗೆಂದು ರಸ್ತೆ ಬದಿಯ ಜಾಗವನ್ನು ಕೇಳಿದ ಕೂಡಲೇ ಬಿಟ್ಟುಕೊಟ್ಟಿದ್ದ. ಕಟ್ಟಡದ ಉದ್ಘಾಟನೆಯ ಸುದ್ದಿಯಲ್ಲಿ, ಆ ಕಡೆ ಒಂದು ದಿನವೂ ತಲೆ ಹಾಕದ ಪಂಚಾಯ್ತಿ ಸದಸ್ಯರ ಹೆಸರೆಲ್ಲ ಇತ್ತು. ಅವನದಿರಲಿಲ್ಲ. ಅವತ್ತೇ ಫೋನ್ ಮಾಡಿದ.

“ಜಾಗ ಕೊಟ್ಟೋನು ನಾನು. ಭಾವ ನನ್ನೇ ಮತ್ತಿತರರು ಮಾಡ್ಬುಟ್ರಲ್ಲವ್ವ,” ಎಂದ. ಇವರು ಬರೆದಿದ್ದರು, ಅಲ್ಲಿ ಕತ್ತರಿಸಿದರು ಎಂದು ಎಷ್ಟು ಹೇಳಿದರೂ ಅವನ ಕಿವಿಗೆ ಹೋಗಲಿಲ್ಲ. ಆ ಸಲ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಪಕ್ಕದ ಮನೆಯವರು ಕೇಳಿದರೆ, ಅಣ್ಣನಿಗೆ ಮೈ ಹುಷಾರಿಲ್ಲ ಎಂದೆ.

ಅಪ್ಪ ಅವ್ವ ಹೋದ ಮೇಲೆ ನನಗೆ ತವರು ಎಂದರೆ ಅವನೊಬ್ಬನೇ. ಮಗುವಾಗಿದ್ದ ನನ್ನನ್ನು ಸೊಂಟದ ಮೇಲೆ ಹೊತ್ತು ಊರೆಲ್ಲ ತಿರುಗುತ್ತಿದ್ದನಂತೆ. ಹಾಗೆ ಹೊತ್ತಿದ್ದಾಗ ನಾನು ಅವನ ಎಡಗಿವಿಯ ಚಿನ್ನದ ಕಡಕನ್ನು ಹಿಡಿದೆಳೆದು ಹಾಲೆಯನ್ನೇ ಸೀಳಿಬಿಟ್ಟಿದ್ದೆ. ಇವತ್ತಿಗೂ ಅದು ಎರಡು ಹೋಳಾಗಿಯೇ ಇದೆ, ಮತ್ತೆ ಕಡಕು ನಿಂತಿಲ್ಲ. ರಕ್ತ ಸುರಿಯುತ್ತಿದ್ದರೂ ನನ್ನನ್ನು ಕೆಳಗಿಳಿಸಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಅಂಥವನು ಪೇಪರಿನ ಒಂದು ಹೆಸರಿಗೆ ನನ್ನ ಹೊಸಿಲು ಬಿಟ್ಟನಲ್ಲ ಎಂದು ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು.

ಈ ಸಲ ಗೌರಿ ಹಬ್ಬದ ಹಿಂದಿನ ದಿನ ಅದೇ ಊರಿನಲ್ಲಿ ಕುಡಿಯುವ ನೀರಿನ ಘಟಕದ ಉದ್ಘಾಟನೆ. ಅಣ್ಣನೂ ಬಂದಿದ್ದ, ಮಾತಾಡಿಸಲಿಲ್ಲ ಎಂದು ಇವರು ಬಂದು ಹೇಳಿದರು. ಸುದ್ದಿ ಟೈಪ್ ಮಾಡಲು ಕೂತಾಗ ನಾನು ಬೆನ್ನ ಹಿಂದೆಯೇ ನಿಂತೆ.

“ಅಣ್ಣನ ಹೆಸ್ರು ಮೊದ್ಲು ಹಾಕ್ರೀ.”

“ಅಧ್ಯಕ್ಷರಿಗಿಂತ ಮುಂಚೆ ನಿಮ್ಮಣ್ಣನ್ನ ಹಾಕುದ್ರೆ ನಾಳೆ ಪಂಚಾಯ್ತಿನೇ ಬಂದು ಬಾಗ್ಲಲ್ಲಿ ಕೂತ್ಕತದೆ.”

“ಮಧ್ಯಕ್ಕಾದ್ರೂ ತೂರ್ಸಿ.”

“ಅದಕ್ಕೊಂದು ಕ್ರಮ ಐತೆ ಕಣೇ. ಸದಸ್ಯರು ಆದ್ಮೇಲೇ ಊರಿನೋರು.”

ಕೊನೆಗೆ ನನ್ನ ಕಾಟ ತಾಳಲಾರದೆ ಡೆಸ್ಕಿಗೆ ಫೋನ್ ಮಾಡಿ, ಒಂದು ಹೆಸರು ಉಳಿಸಿ ಸಾರ್ ಎಂದು ಬೇಡಿಕೊಂಡರು. ನೋಡೋಣ ಎಂದರಂತೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಇವರ ಮುಖ ಸಣ್ಣಗಾಗಿತ್ತು.

“ಹಬ್ಬದ ಜಾಹೀರಾತು ಬಂದ್ಬುಟ್ಟೈತಂತೆ,” ಎಂದರು. “ಅರ್ಧ ಪುಟ.”

ಕಡುಬಿನ ಹೂರಣ ತಿರುವುತ್ತಿದ್ದವಳು ಒಲೆ ಆರಿಸುವುದನ್ನೂ ಮರೆತೆ. ತಳ ಹಿಡಿಯಿತು. ಒಂದು ಹಬ್ಬ ತಪ್ಪಿದರೆ ಮುನಿಸು ಎನ್ನಬಹುದು. ಎರಡು ತಪ್ಪಿದರೆ ಅದೇ ವಾಡಿಕೆಯಾಗುತ್ತದೆ, ಆಮೇಲೆ ಯಾರೂ ಯಾರನ್ನೂ ಕಾಯುವುದಿಲ್ಲ. ನನ್ನ ಹೆದರಿಕೆ ಅಷ್ಟೇ.

ಬೆಳಿಗ್ಗೆ ಇವರು ಫೋನಿನಲ್ಲಿ ಪುಟ ತೆರೆದರು. ಚಕ್ರ ಸುತ್ತಿತು, ಸುತ್ತಿತು. ಫೋಟೊ ಬಂದಿತ್ತು, ಸುದ್ದಿಯೂ ಬಂದಿತ್ತು. ನಾನೇ ಫೋನ್ ಕಿತ್ತುಕೊಂಡು, ಬೆರಳಲ್ಲಿ ಹಿಗ್ಗಿಸಿ ಒಂದೊಂದೇ ಹೆಸರು ಓದಿದೆ. ಅಧ್ಯಕ್ಷೆ, ಉಪಾಧ್ಯಕ್ಷ, ಸದಸ್ಯರು, ಡೇರಿ ಕಾರ್ಯದರ್ಶಿ. ಮತ್ತಿತರರು ಇದ್ದರು.

ಇವರು ನನ್ನ ಮುಖ ನೋಡದೆ ಬಚ್ಚಲಿಗೆ ಹೋದರು.

ತೋರಣ ಕಟ್ಟಿದೆ, ರಂಗೋಲಿ ಬಿಟ್ಟೆ, ಗೌರಿಯನ್ನು ಕೂರಿಸಿದೆ. ತವರಿನ ಬಾಗಿನ ಇಡುವ ಜಾಗ ಮಾತ್ರ ಖಾಲಿ ಇತ್ತು. ಬಸ್ಸಿನ ಸದ್ದಾದಾಗಲೆಲ್ಲ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದೆ. ಗುಡೇಮಾರನಹಳ್ಳಿ ಕಡೆಯ ಬಸ್ಸು ಬಂತು, ಯಾರು ಯಾರೋ ಇಳಿದರು, ಹೋಯಿತು. ಇನ್ನು ಕಾಯುವುದು ಬೇಡ, ಮಂಗಳಾರತಿ ಮಾಡಿಬಿಡೋಣ ಎಂದು ಒಳಗೆ ತಿರುಗಿದೆ.

“ಏನವ್ವ, ಪೇಪರ್ ನೋಡುದ್ಯಾ?”

ತಿರುಗಿ ನೋಡಿದೆ. ಅಂಗಳದಲ್ಲಿ ಅಣ್ಣ ನಿಂತಿದ್ದ. ಒಂದು ಕಂಕುಳಲ್ಲಿ ಬಟ್ಟೆ ಸುತ್ತಿದ ಮೊರ, ಇನ್ನೊಂದರಲ್ಲಿ ಪೇಪರ್. ಮೆಟ್ಟಿಲು ಹತ್ತಲಿಲ್ಲ.

“ಅಣ್ಣ, ಇವ್ರು ಹಾಕಿದ್ರು ಕಣಣ್ಣ, ದೇವ್ರಾಣೆ, ಅಲ್ಲಿ ಅವ್ರು...”

“ಹೆಸ್ರು ಯಾವನ್ಗೆ ಬೇಕು? ಭಾವ ಫೋಟಾನೇ ಹಾಕ್ಸವ್ರಲ್ಲ. ಒಸಿ ಇಲ್ಲಿ ನೋಡು.”

ಪೇಪರ್ ಬಿಡಿಸಿ ಬೆರಳಿಟ್ಟ. ಅಧ್ಯಕ್ಷೆಯ ಭುಜದ ಹಿಂದೆ ಜನ. ಒಬ್ಬನ ಮುಖಕ್ಕೆ ಇನ್ಯಾರದೋ ಕೈ ಅಡ್ಡ ಬಂದು, ಒಂದು ಚೂರು ಬಿಳಿ ಶರ್ಟು, ಒಂದು ಎಡಗಿವಿ ಅಷ್ಟೇ ಕಾಣುತ್ತಿತ್ತು.

“ಇದು ನಾನೇ ಕಣವ್ವ. ಈ ಕಿವಿ ನಂದೇಯ.”

ಬಣ್ಣದ ಫೋಟೊ. ಆ ಕಿವಿಯ ಹಾಲೆ ದುಂಡಗೆ, ಇಡಿಯಾಗಿತ್ತು. ಅದರಲ್ಲೊಂದು ಕಡಕು ಹೊಳೆಯುತ್ತಿತ್ತು.

ತಲೆ ಎತ್ತಿದೆ. ಅಣ್ಣ ನನ್ನನ್ನೇ ನೋಡುತ್ತಿದ್ದ. ಹೆಗಲ ಮೇಲಿನ ಟವಲನ್ನು ಮೇಲಕ್ಕೆಳೆದು ತನ್ನ ಎಡಗಿವಿಯನ್ನು ಮುಚ್ಚಿಕೊಂಡಿದ್ದ.

“ಹೂಂ ಕಣಣ್ಣ, ನಿಂದೇ,” ಎಂದೆ. “ಒಳಿಕ್ಕೆ ಬಾ.”