ಕನ್ನಡವಿಲ್ಲದ ಕಂಪ್ಯೂಟರಿನಲ್ಲಿ ಒಂದು ಸಾಲು

ದೆವ್ವ, ಗಾಳಿ, ಶಕುನ ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ತಮಗಾದ ವಿಚಿತ್ರ ಅನುಭವವನ್ನು ಹೇಳತೊಡಗಿದರೆ ಅವರ ಮನಸ್ಸಿಗೆ ನೋವಾಗದಂತೆ ಹೂಂಗುಟ್ಟುತ್ತ ಒಳಗೊಳಗೇ ಕಾರಣ ಹುಡುಕುತ್ತಿದ್ದೆ. ಹೆಚ್ಚಿನ ಸಲ ಸಿಗುತ್ತಲೂ ಇತ್ತು. ಗಾಳಿಗೆ ಬಡಿದುಕೊಂಡ ಬಾಗಿಲು, ಅರೆನಿದ್ದೆ, ಇಲ್ಲವೇ ಹೇಳುವವರ ಆಸೆ. ಈಗ ನನ್ನದೇ ಒಂದು ಅನುಭವವನ್ನು ಬರೆಯಲು ಕುಳಿತಾಗ, ಓದುವ ನೀವೂ ಹಾಗೆಯೇ ಹೂಂಗುಟ್ಟುತ್ತೀರೆಂದು ನನಗೆ ಗೊತ್ತಿದೆ. ಅದರಲ್ಲಿ ತಪ್ಪೇನೂ ಇಲ್ಲ. ನಿಮಗೆ ಕಾರಣ ಸಿಕ್ಕಿದರೆ ನನಗೂ ಹೇಳಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಮಡಿಕೇರಿಯ ಒಂದು ಸಣ್ಣ ಪ್ರೆಸ್ಸಿಗೆ ನಾನು ಮೊದಲು ಅಚ್ಚಿನ ಮೊಳೆ ಜೋಡಿಸುವವಳಾಗಿ ಸೇರಿದವಳು. ಸೀಸದ ಮೊಳೆಗಳ ಕಾಲ ಮುಗಿದು ಕಂಪ್ಯೂಟರ್ ಬಂದಾಗ ಮಾಲೀಕರು ನನ್ನನ್ನೇ ಅದರ ಮುಂದೆ ಕೂರಿಸಿದರು. ಮದುವೆಯ ಕಾಗದ, ತಿಥಿಯ ಕಾಗದ, ಸೊಸೈಟಿಯ ವರದಿ, ಫುಟ್‌ಬಾಲ್ ಪಂದ್ಯದ ಕರಪತ್ರ, ಎಲ್ಲವೂ ನನ್ನ ಬೆರಳಿನಿಂದಲೇ ಹೋಗಬೇಕಿತ್ತು. ಮಾಲೀಕರಿಗೆ ವಯಸ್ಸಾಗಿ ಪ್ರೆಸ್ ಮುಚ್ಚಿದ ವರ್ಷವೇ ನನ್ನ ಅವ್ವನೂ ತೀರಿಕೊಂಡಳು. ನಾನು ಮದುವೆಯಾಗಿರಲಿಲ್ಲ. ಗಾಳಿಬೀಡಿನ ನಮ್ಮ ಚಿಕ್ಕ ಮನೆಯಲ್ಲಿ ಒಬ್ಬಳೇ ಉಳಿದೆ. ಸಂಜೆ ಫೋನ್ ಬಂದರೆ ಮೊದಲು ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಬೆಳಗಿನಿಂದ ಯಾರೊಡನೆಯೂ ಮಾತೇ ಆಡಿರುತ್ತಿರಲಿಲ್ಲ.

ಮೈಸೂರಿನಲ್ಲಿದ್ದ ತಮ್ಮ, "ಅಲ್ಲಿ ಒಬ್ಬಳೇ ಎಂತ ಮಾಡ್ತೀಯ, ಮನೆ ಕೊಟ್ಟು ಇಲ್ಲಿಗೆ ಬಾ" ಎಂದು ಪ್ರತಿ ವಾರ ಹೇಳುತ್ತಿದ್ದ. ಅವನದು ಕಾಳಜಿಯೇ. ಆದರೆ ಅವನ ಮನೆಯ ಹಾಲಿನಲ್ಲಿ ಮಂಚ ಹಾಕಿಸಿಕೊಂಡು ಇರುವುದು ನನಗೆ ಬೇಡವಾಗಿತ್ತು. ಮನೆಯಲ್ಲೇ ಕೂತು ಡಿಟಿಪಿ ಕೆಲಸ ಮಾಡಿದರೆ ನನ್ನ ಖರ್ಚು ಸಾಗುತ್ತದೆ, ಯಾರೂ ನನ್ನನ್ನು ಇಲ್ಲಿಂದ ಏಳಿಸಬೇಕಾಗಿಲ್ಲ ಎಂದು ಲೆಕ್ಕ ಹಾಕಿದ್ದೆ. ಹಳೆಯ ಮಾಲೀಕರು ಪ್ರೆಸ್ಸಿನ ಕನ್ನಡ ಟೈಪಿಂಗ್ ಸಿ.ಡಿ.ಯನ್ನೂ, ಅದರ ಜೊತೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಲಾಕನ್ನೂ ನನಗೇ ಕೊಟ್ಟರು. ಆ ಲಾಕ್ ಇಲ್ಲದಿದ್ದರೆ ಒಂದು ಕನ್ನಡ ಅಕ್ಷರವೂ ಮೂಡುವುದಿಲ್ಲ. ಒಂದು ಶಾಲೆಯ ಸ್ಮರಣ ಸಂಚಿಕೆಯ ಕೆಲಸವನ್ನೂ ಅವರೇ ಹೇಳಿ ಕೊಡಿಸಿದರು. ಇನ್ನು ಬೇಕಾಗಿದ್ದದ್ದು ಕಂಪ್ಯೂಟರ್.

ಅದು ಸಿಕ್ಕಿದ್ದು ಸುಂಟಿಕೊಪ್ಪದ ರಶೀದನಿಂದ. ಬೇಕರಿಯೊಂದರ ಮಹಡಿಯ ಮೇಲೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ, ನಲವತ್ತು ದಾಟಿದ, ನಿಧಾನವಾಗಿ ಮಾತಾಡುವ ಮನುಷ್ಯ. ಪ್ರೆಸ್ಸಿನ ಯಂತ್ರ ಕೆಟ್ಟಾಗಲೆಲ್ಲ ಬರುತ್ತಿದ್ದವನು. ವಿರಾಜಪೇಟೆಯ ಕಾಫಿ ವ್ಯಾಪಾರಿಯೊಬ್ಬರು ತಮ್ಮ ಆಫೀಸಿಗೆ ಹೊಸದು ತಂದು, ಬಳಸಿದ್ದನ್ನು ಇವನಿಗೆ ಕೊಟ್ಟಿದ್ದರು. ಯಂತ್ರವೇನೋ ಚೆನ್ನಾಗಿತ್ತು. ನನ್ನ ಲಾಕನ್ನು ಮಾತ್ರ ಅದು ಒಪ್ಪಲಿಲ್ಲ.

"ಇದರಲ್ಲಿರೋದು ಹೊಸ ಸಿಸ್ಟಂ, ಮೇಡಂ. ನಿಮ್ಮ ಲಾಕ್ ಹಳೇ ಕಾಲದ್ದು. ಹಿಡಿಯಲ್ಲ," ಎಂದ ರಶೀದ್. "ಹೊಸ ಕನ್ನಡ ಸಾಫ್ಟ್‌ವೇರ್ ಬಂದಿದೆ. ಅದು ಹಾಕಿ ಕೊಡ್ತೇನೆ."

"ನನ್ನ ಬೆರಳಿಗೆ ಹಳೇದೇ ಗೊತ್ತಿರೋದು ರಶೀದ್. ಹೊಸ ಕೀಲಿಮಣೆ ಕಲಿಯೋ ಹೊತ್ತಿಗೆ ಆ ಶಾಲೆಯವರು ಬೇರೆಯವರ ಹತ್ರ ಹೋಗಿರ್ತಾರೆ."

ಅವನು ಸ್ವಲ್ಪ ಯೋಚಿಸಿದ. "ಹಾಗಾದ್ರೆ ಹಳೇ ಸಿಸ್ಟಮೇ ಹಾಕ್ಬೇಕು. ಆದ್ರೆ ಹೊಸದರ ಮೇಲೆ ಹಳೇದು ಕೂರಲ್ಲ. ಪೂರ್ತಿ ಅಳಿಸ್ಬೇಕು. ಒಳಗೆ ಏನೂ ಉಳಿಯಲ್ಲ, ಆಯ್ತಾ?"

ಅಳಿಸಬಾರದಂಥದ್ದು ನನ್ನದೇನೂ ಅದರಲ್ಲಿರಲಿಲ್ಲ. ಒಂದು ಫ್ಲಾಪಿಯನ್ನೂ ಹಳೆಯ ಸಿಸ್ಟಮಿನ ಸಿ.ಡಿ.ಯನ್ನೂ ಕೊಟ್ಟು, ಹೇಗೆ ಮಾಡಬೇಕೆಂದು ತೋರಿಸಿ ಕಳಿಸಿದ. ತಾನೇ ಬರುವುದಾದರೆ ಮುಂದಿನ ವಾರವಾಗುತ್ತದೆ ಎಂದ. ನನಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆಯೇ ಶುರುಮಾಡಿದೆ. ಕಾಫಿ ಕೊಯ್ಲು ಮುಗಿದು ಊರಿನ ಕಣಗಳಲ್ಲೆಲ್ಲ ಹಣ್ಣು ಒಣಗುತ್ತಿದ್ದ ದಿನಗಳು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಫ್ಲಾಪಿ ಹಾಕಿ, ರಶೀದ್ ಹೇಳಿದಂತೆ ಡಿಸ್ಕ್ ಅಳಿಸಿದೆ. ಕಪ್ಪು ಪರದೆಯ ಮೇಲೆ ಶೇಕಡಾ ಅಂಕಿಗಳು ಒಂದೊಂದಾಗಿ ಏರುವುದನ್ನು ನೂರಾಗುವವರೆಗೂ ನೋಡುತ್ತ ಕೂತೆ. ಬಳಿಕ ಹಳೆಯ ಸಿಸ್ಟಂ ಹಾಕಲು ಹೋದರೆ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಸಿ.ಡಿ.ಯನ್ನು ಸೀರೆಯ ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿದೆ. ಮತ್ತೆ ಅಲ್ಲೇ ನಿಂತಿತು. ಇಷ್ಟು ಹೊತ್ತಿಗೆ ಯಂತ್ರದಲ್ಲಿ ಹೊಸದೂ ಇಲ್ಲ, ಹಳೆಯದೂ ಇಲ್ಲ. ಇದೊಂದು ಕೈಗೂಡದಿದ್ದರೆ ಮೈಸೂರೇ ಗತಿ ಎನಿಸಿ ಅಳು ಬಂದ ಹಾಗಾಯಿತು. ಫೋನ್ ಮಾಡಿದೆ. "ಮತ್ತೊಂದ್ಸಲ ಮೊದಲಿಂದ ಅಳಿಸಿ ನೋಡಿ ಮೇಡಂ" ಎಂದ ರಶೀದ್. ಹಾಗೇ ಮಾಡಿದೆ. ಆ ಸಲ ತಡೆಯಿಲ್ಲದೆ ಕೊನೆಯವರೆಗೂ ಹೋಯಿತು. ಊಟದ ಹೊತ್ತು ಮೀರಿದ ಮೇಲೆ, ಹಳೆಯ ಕಾಲದ ಆ ದೊಡ್ಡ ದೊಡ್ಡ ಚಿತ್ರಗಳ ಪರದೆ ಕಣ್ಣೆದುರು ಬಂದು ನಿಂತಿತು.

ಕನ್ನಡದ ಸಿ.ಡಿ. ಇನ್ನೂ ಡಬ್ಬಿಯಲ್ಲೇ ಇತ್ತು. ಲಾಕ್ ಮೇಜಿನ ಡ್ರಾಯರಿನಲ್ಲಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ದಯವಿಟ್ಟು ಗಮನದಲ್ಲಿಡಿ. ಕೀಲಿಮಣೆಯ ಕೆಲವು ಗುಂಡಿಗಳು ಬಿಗಿಯಾಗಿದ್ದವು. ನೋಡೋಣವೆಂದು ಬರೆಯುವ ಖಾಲಿ ಹಾಳೆಯೊಂದನ್ನು ತೆರೆದು ಇಂಗ್ಲಿಷಿನಲ್ಲಿ ಏನೋ ನಾಲ್ಕು ಅಕ್ಷರ ಹೊಡೆದು, ಅಳಿಸಿ, ಹಾಳೆಯನ್ನು ಹಾಗೆಯೇ ಬಿಟ್ಟು ಅಂಗಳಕ್ಕೆ ಹೋದೆ. ಬೇಲಿಯಾಚೆ ಪಕ್ಕದ ಮನೆಯ ಸೀತಕ್ಕ ಕಾಫಿ ಹರಡುತ್ತಿದ್ದರು.

"ಬೆಳಗಿಂದ ನಿನ್ನ ಕಾಂಬಕೇ ಇಲ್ಲೆ. ಊಟ ಆತಾ?" ಎಂದು ನಮ್ಮ ಅರೆಭಾಷೆಯಲ್ಲಿ ಕೇಳಿದರು.

"ಇನ್ನೂ ಇಲ್ಲೆ ಸೀತಕ್ಕ. ಕಂಪ್ಯೂಟರ್ ಸರಿ ಮಾಡಿಕುಟ್ಟು" ಎಂದೆ, ಅದನ್ನು ಸರಿಮಾಡುವುದಿದೆ ಎಂಬ ಅರ್ಥದಲ್ಲಿ.

ಅಂದು ಮನುಷ್ಯರ ಎದುರು ನಾನು ಆಡಿದ ಮೊದಲ ಮಾತು ಅದು. ಸ್ವಲ್ಪ ಹೊತ್ತು ಅಲ್ಲೇ ನಿಂತೆವು. ನಮ್ಮ ಮನೆಗೆ ಇರುವುದು ಮುಂದಿನ ಬಾಗಿಲು, ಅಡುಗೆಮನೆಯ ಬಾಗಿಲು ಎರಡೇ. ಅಡುಗೆಮನೆಯದಕ್ಕೆ ಒಳಗಿನಿಂದ ಚಿಲಕ ಹಾಕಿತ್ತು, ಮುಂದಿನದು ನನ್ನ ಕಣ್ಣೆದುರಿಗೇ ಇತ್ತು. ಯಾರೂ ಒಳಗೆ ಹೋಗಲಿಲ್ಲ, ಯಾರೂ ಹೊರಗೆ ಬರಲಿಲ್ಲ.

ಒಳಗೆ ಬಂದು ನೋಡಿದರೆ ಆ ಖಾಲಿ ಹಾಳೆಯ ಮೇಲೆ ಒಂದು ಸಾಲು ಇತ್ತು.

ಕನ್ನಡದ್ದಲ್ಲ. ಇಂಗ್ಲಿಷೂ ಅಲ್ಲ. ಮೊದಲಿಗೆ ವೃತ್ತದೊಳಗಿನ ಸಿ, ಆಮೇಲೆ ತಲೆಯ ಮೇಲೆ ಗೀಟು ಚುಕ್ಕಿಗಳಿರುವ ಅಕ್ಷರಗಳು, ನಡುವೆ ಪೌಂಡಿನ ಗುರುತು. ಬೇರೆಯವರಿಗಾದರೆ ಅದು ಯಂತ್ರದ ಕಸ. ಡಿಟಿಪಿ ಮಾಡಿದವರಿಗೆ ಅದು ಏನೆಂದು ನೋಡಿದ ಕೂಡಲೇ ತಿಳಿಯುತ್ತದೆ. ಕನ್ನಡದ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬರಹ ಕಾಣುವುದೇ ಹೀಗೆ. ಪೌಂಡಿನ ಗುರುತು ಎಂದರೆ ನ. ವೃತ್ತದೊಳಗಿನ ಸಿ ಎಂದರೆ ಕನ್ನಡದ ಬಿ. ಪ್ರೆಸ್ಸಿನಲ್ಲಿ ಫಾಂಟ್ ಕೈಕೊಟ್ಟಾಗಲೆಲ್ಲ ಇದನ್ನೇ ನೋಡಿ ನೋಡಿ, ನಿಧಾನವಾಗಿಯಾದರೂ ಓದುವುದು ನನಗೆ ರೂಢಿಯಾಗಿತ್ತು. ನಿಂತಲ್ಲೇ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ.

ಬಿಮ್ಮಿ, ನೀ ಮುಂದೆ ನಡಿ, ನಾ ಹಿಂದೆನೇ ಒಳೆ.

ಅರೆಭಾಷೆ ತಿಳಿಯದವರಿಗಾಗಿ ಹೇಳುತ್ತೇನೆ. ನೀನು ಮುಂದೆ ನಡೆ, ನಾನು ಹಿಂದೆಯೇ ಇದ್ದೇನೆ ಎಂದು ಅದರ ಅರ್ಥ. ಬಿಮ್ಮಿ ಎಂದರೆ ನಾನು.

ಇಲ್ಲಿ ನನ್ನ ಅಕ್ಕನ ವಿಷಯ ಹೇಳಲೇಬೇಕು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಅಪ್ಪ ಸುಂಟಿಕೊಪ್ಪದ ಹತ್ತಿರ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಕೂಲಿಯಾಳುಗಳ ಲೈನ್ ಮನೆಗಳಿಂದ ಸ್ವಲ್ಪ ಮೇಲೆ ನಮ್ಮ ಮನೆ. ಶಾಲೆಗೆ ಕಾಫಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ಹೋಗಬೇಕಿತ್ತು. ಎರಡೂ ಕಡೆ ಗಿಡ ನಮ್ಮಿಂದ ಎತ್ತರ. ಬೆನ್ನ ಹಿಂದೆ ಏನೋ ಬರುತ್ತಿದೆ ಎಂಬ ಹೆದರಿಕೆ ನನಗೆ ಮೊದಲಿಂದಲೂ ಇತ್ತು. ಅಕ್ಕ ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಅವಳು ನನ್ನನ್ನು ಹಿಂದೆ ಬಿಡುತ್ತಿರಲಿಲ್ಲ, ಕೈಹಿಡಿದು ಎಳೆಯುತ್ತಲೂ ಇರಲಿಲ್ಲ. ನನ್ನನ್ನು ಮುಂದೆ ಬಿಟ್ಟು, ಈ ಮಾತನ್ನೇ ಹೇಳಿ, ಹಿಂದೆ ಬರುತ್ತಿದ್ದಳು. ಅವಳು ಏನಾದರೂ ಮಾತಾಡುತ್ತಲೇ ಇರುತ್ತಿದ್ದಳು, ದನಿ ಕೇಳುತ್ತಿರಲಿ ಎಂದು. ಒಂದು ಮಳೆಗಾಲ ಜ್ವರ ಬಂತು. ಎಸ್ಟೇಟಿನ ಜೀಪಿನಲ್ಲಿ ಮಡಿಕೇರಿಗೆ ಕರೆದುಕೊಂಡು ಹೋದರು. ಅವಳು ತಿರುಗಿ ಬರಲಿಲ್ಲ. ಆಮೇಲೆ ಅಪ್ಪ ಆ ಎಸ್ಟೇಟು ಬಿಟ್ಟು ಗಾಳಿಬೀಡಿಗೆ ಬಂದರು. ತಮ್ಮ ಹುಟ್ಟಿದ್ದು ಇಲ್ಲಿಗೆ ಬಂದ ಮೇಲೆ. ಮನೆಯಲ್ಲಿ ಅಕ್ಕನ ಮಾತು ಕ್ರಮೇಣ ನಿಂತುಹೋಯಿತು.

ಬಿಮ್ಮಿ ಎಂದು ನನ್ನನ್ನು ಕರೆಯುತ್ತಿದ್ದವಳು ಅವಳೊಬ್ಬಳೇ. ಅಪ್ಪ, ಅವ್ವ ಕರೆಯುತ್ತಿದ್ದದ್ದು ಶಾಲೆಯ ಹೆಸರಿನಲ್ಲಿ. ತಮ್ಮನಿಗೆ ಆ ಹೆಸರು ಗೊತ್ತೇ ಇರಲಿಲ್ಲ. ಅವ್ವ ಹೋದ ಮೇಲೆ ಅದನ್ನು ಬಲ್ಲವರು ನನ್ನನ್ನು ಬಿಟ್ಟು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ಅದನ್ನು ಯಾರೂ ಎಂದೂ ಬರೆದದ್ದಿಲ್ಲ. ನನ್ನ ಆ ಹೆಸರನ್ನು ಅಕ್ಷರದಲ್ಲಿ ನಾನು ಮೊದಲ ಸಲ ಕಂಡದ್ದು ಅಂದು, ಅದೂ ಪೌಂಡಿನ ಗುರುತು, ಗೀಟುಗಳ ನಡುವೆ.

ಹೆದರಿಕೆಯಾಯಿತೇ ಎಂದು ಕೇಳಿದರೆ, ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕುರ್ಚಿಯ ಹಿಂದೆ ನೋಡಿದೆ, ಎದ್ದು ಎರಡೂ ಕೋಣೆ ನೋಡಿ ಬಂದೆ. ಆಮೇಲೆ ಕೂತು, ಆ ಸಾಲಿನ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲೇ ಅಕ್ಕಾ ಎಂದು ಹೊಡೆದೆ. ಬೇರೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಕರ್ಸರಿನ ಗೆರೆ ಮಿನುಗುತ್ತಲೇ ಇತ್ತು. ಬಹಳ ಹೊತ್ತು ಕಾದೆ. ಏನೂ ಬರಲಿಲ್ಲ. ಹಾಳೆಯನ್ನು ಉಳಿಸಿಟ್ಟು ರಶೀದನಿಗೆ ಫೋನ್ ಮಾಡಿ, ನಾಳೆ ಒಮ್ಮೆ ಬಂದು ಹೋಗು ಎಂದೆ. ನನ್ನ ದನಿಯಲ್ಲಿ ಏನು ಕೇಳಿಸಿತೋ, ಮೊದಲ ಬಸ್ಸಿಗೇ ಬರುತ್ತೇನೆಂದ.

ಬೆಳಿಗ್ಗೆ ಮಡಿಕೇರಿಯಲ್ಲಿ ಬಸ್ಸು ಬದಲಿಸಿ ಬಂದ. ಸಾಲು ಹಾಗೆಯೇ ಇತ್ತು. ಲಾಕ್ ಸಿಕ್ಕಿಸಿ ಕನ್ನಡ ಹಾಕಿದ. ಫಾಂಟ್ ಬದಲಿಸಿದ ಕೂಡಲೇ ಆ ಕಸವೆಲ್ಲ ಸ್ವಚ್ಛವಾದ ಕನ್ನಡವಾಯಿತು. ನಾನು ಓದಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

"ಮೊದಲಿನವರ ಫೈಲಿನ ಚೂರು ಎಲ್ಲೋ ಉಳಿದಿರ್ಬೇಕು" ಎಂದ. ಆಮೇಲೆ ತಾನೇ ತಲೆಯಾಡಿಸಿದ. "ಅವ್ರ ಆಫೀಸಲ್ಲಿ ಎಲ್ಲಾ ಇಂಗ್ಲಿಷಿನಲ್ಲೇ ಇತ್ತು. ಈ ಯಂತ್ರಕ್ಕೆ ಕನ್ನಡ ಹಾಕಿದ್ದೇ ನಾನು, ಈಗ. ಚೂರು ಉಳಿದ್ರೂ ತಾನಾಗೇ ಬಂದು ಕೂರಲ್ಲ. ಬಿಮ್ಮಿ ಅಂದ್ರೆ ಯಾರು ಮೇಡಂ?"

ಹೇಳಿದೆ. ಯಾರಿಗೂ ಹೇಳಿರದಿದ್ದ ಅಕ್ಕನ ಮಾತನ್ನೆಲ್ಲ ಆ ಬೆಳಿಗ್ಗೆ ಅವನಿಗೆ ಹೇಳಿದೆ.

"ನಮ್ಮ ಉಮ್ಮ ಇದ್ದಿದ್ರೆ ಇದಕ್ಕೆ ಏನಾದ್ರೂ ಒಂದು ಹೇಳ್ತಿದ್ರು," ಎಂದ ಕೊನೆಗೆ, ತನ್ನ ತಾಯಿಯನ್ನು ನೆನೆದು. "ನಂಗೆ ಮೆಷಿನಿನ ವಿಷಯ ಮಾತ್ರ ಗೊತ್ತು. ಮೆಷಿನಿನಲ್ಲಿ ಏನೂ ತೊಂದರೆ ಇಲ್ಲ."

ನಿಜಕ್ಕೂ ತೊಂದರೆ ಇರಲಿಲ್ಲ. ಸ್ಮರಣ ಸಂಚಿಕೆಯನ್ನು ಹೇಳಿದ ದಿನಕ್ಕೆ ಮುಗಿಸಿ ಕೊಟ್ಟೆ. ಅದನ್ನು ನೋಡಿ ಬೇರೆ ಕೆಲಸಗಳೂ ಬಂದವು. ಮೈಸೂರಿಗೆ ಹೋಗುವ ಮಾತು ನಿಂತಿತು. ಆ ಯಂತ್ರ ಇನ್ನೂ ಕೆಲವು ವರ್ಷ ನಡೆದು, ಎಲ್ಲ ಯಂತ್ರಗಳಂತೆ ಒಂದು ದಿನ ನಿಂತುಹೋಯಿತು. ಅಷ್ಟು ಕಾಲದಲ್ಲಿ ಖಾಲಿ ಹಾಳೆಯೊಂದನ್ನು ತೆರೆದಿಟ್ಟು, ಬೇಕೆಂದೇ ಅಂಗಳದಲ್ಲಿ ಹೊತ್ತು ಕಳೆದು ಒಳಗೆ ಬಂದದ್ದು ಎಷ್ಟು ಸಲವೋ ಲೆಕ್ಕವಿಟ್ಟಿಲ್ಲ. ಹಾಳೆ ಖಾಲಿಯೇ ಇರುತ್ತಿತ್ತು. ಪ್ರತಿ ಸಲವೂ ಸ್ವಲ್ಪ ಸಮಾಧಾನವಾಗುತ್ತಿತ್ತು, ಅದಕ್ಕಿಂತ ಹೆಚ್ಚು ಬೇಸರವಾಗುತ್ತಿತ್ತು.

ನಾನೇ ಹೊಡೆದು ಮರೆತೆನೇ ಎಂದು ಯೋಚಿಸಿದ್ದೇನೆ. ಒಂಟಿತನ ಮನುಷ್ಯರಿಂದ ಏನನ್ನಾದರೂ ಮಾಡಿಸುತ್ತದೆ ಎಂದು ಕೇಳಿದ್ದೇನೆ. ಆದರೆ ಕನ್ನಡವಿಲ್ಲದ ಕೀಲಿಮಣೆಯಲ್ಲಿ ಆ ಗುರುತುಗಳನ್ನು ಹೊಡೆಯುವುದು ಹೇಗೆಂದು ನನಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ದೆವ್ವವನ್ನು ನಾನು ಈಗಲೂ ನಂಬುವುದಿಲ್ಲ.

ಈಗಲೂ ಮಡಿಕೇರಿಗೆ ಹೋದ ದಿನ ಸಂಜೆ ಬಸ್ಸಿಳಿದು ಮನೆಗೆ ನಡೆದೇ ಬರುತ್ತೇನೆ. ಆ ದಾರಿಯಲ್ಲಿ ಹೆಚ್ಚಾಗಿ ಯಾರೂ ಇರುವುದಿಲ್ಲ. ಮೊದಲೆಲ್ಲ ಬಿರಬಿರನೆ ಬಂದುಬಿಡುತ್ತಿದ್ದೆ. ಈಗ ನಿಧಾನವಾಗಿ ನಡೆಯುತ್ತೇನೆ. ವಯಸ್ಸಾಯಿತಲ್ಲ ಎನ್ನುತ್ತಾರೆ ಸೀತಕ್ಕ. ಹೌದೆನ್ನುತ್ತೇನೆ. ಆದರೆ ನಾನು ನಿಧಾನಿಸುವುದು ಹಿಂದೆ ಬರುವವರಿಗೆ ದೂರವಾಗದಿರಲಿ ಎಂದು.