ರೋಲಂಡ್ ಮುಟ್ಟದೆ ಬಿಟ್ಟ ಪೈಪು

ರೋಲಂಡ್ ವಿಲೆಟ್ ನಮ್ಮ ಪಕ್ಕದ ಮನೆಯವನು. ನಮ್ಮೂರು ಲೂಯಿಸ್ಟನ್ನಿನ ಶಾಲಾ ಬಸ್ಸುಗಳ ರಿಪೇರಿ ಅವನ ಕೆಲಸ. ಬೀದಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ, ಯಾರ ಬಾಗಿಲು ಸಿಕ್ಕಿಕೊಂಡರೂ ಅವನೇ ಬರಬೇಕು. ಬಂದವನು ಮೊದಲು ಬೈಯುತ್ತಿದ್ದ, ಆಮೇಲೆ ಸರಿ ಮಾಡುತ್ತಿದ್ದ. "ಇದನ್ನ ಯಾವ ಪುಣ್ಯಾತ್ಮ ಜೋಡಿಸಿದ್ದು? ಕೈಲಿ ಜೋಡಿಸಿದ್ನೋ ಕಾಲಲ್ಲೋ?" ಅವನ ಬೈಗುಳಕ್ಕೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮಗಳು ಸೆಲೆಸ್ಟ್ ಅಂತೂ ಅಪ್ಪನ ದನಿಯಲ್ಲೇ ಬೈದು ತೋರಿಸಿ ನಮ್ಮನ್ನು ನಗಿಸುತ್ತಿದ್ದಳು.

ಅಂಥವನು ತನ್ನದೇ ಅಂಗಳದಲ್ಲಿ ಒಡೆದ ಪೈಪನ್ನು ಇಡೀ ಚಳಿಗಾಲ ಹಾಗೇ ಬಿಟ್ಟಿದ್ದ.

ಒಡೆದದ್ದು ನವೆಂಬರಿನ ಒಂದು ಬೆಳಿಗ್ಗೆ. ಮಂಜುಗಟ್ಟಿ ಜಾರದಿರಲೆಂದು ನಾನು ನಮ್ಮ ಮೆಟ್ಟಿಲಿಗೆ ಉಪ್ಪು ಎರಚುತ್ತಿದ್ದೆ. ಸೆಲೆಸ್ಟ್ ಪೋರ್ಟ್‌ಲ್ಯಾಂಡಿನ ಆಸ್ಪತ್ರೆಯಲ್ಲಿ ನರ್ಸ್. ರಜೆಗೆ ಬಂದಿದ್ದವಳು ಕೆಲಸಕ್ಕೆ ತಡವಾಯಿತೆಂದು ಅವಸರದಲ್ಲಿ ಕಾರನ್ನು ಹಿಂದಕ್ಕೆ ತೆಗೆದಳು. ಒಳಚರಂಡಿ ಕಟ್ಟಿಕೊಂಡರೆ ತಂತಿ ಬಿಡಲೆಂದು ಹುಲ್ಲಿನ ಅಂಚಿನಲ್ಲಿ ಒಂದು ಬಿಳಿ ಪೈಪಿನ ಬಾಯಿ ಗೇಣುದ್ದ ಮೇಲೆದ್ದಿತ್ತು. ಚಕ್ರ ಅದರ ಮೇಲೆ ಹತ್ತಿತು. ಲಟ್ ಎಂದ ಸದ್ದು ನನಗೂ ಕೇಳಿಸಿತು.

ರೋಲಂಡ್ ಚಪ್ಪಲಿಯಲ್ಲೇ ಓಡಿ ಬಂದ. "ಕಣ್ಣು ಎಲ್ಲಿಟ್ಟಿದ್ದೀಯೇ? ಎಷ್ಟು ಸಲ ಹೇಳಿದೀನಿ, ಆ ಕಡೆ ಪೈಪ್ ಇದೆ ಅಂತ!"

"ಭಾನುವಾರ ಬಂದು ನಾನೇ ಸರಿ ಮಾಡ್ತೀನಿ ಪಪ್ಪಾ. ಬೀದಿಗೆಲ್ಲ ಕೇಳೋ ಹಾಗೆ ಕೂಗಬೇಡ."

"ನೀನು ಸರಿ ಮಾಡಿದ ಹಾಗೇ! ಹೋಗು, ಹೋಗು!"

ಅವಳು ಹೋದಳು. ನದಿಯ ಪಕ್ಕದ ತಿರುವಿನಲ್ಲಿ ಟಾರಿನ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆಯ ಪದರ ಕಟ್ಟಿತ್ತು. ಎದುರಿಗೆ ದಿಮ್ಮಿ ತುಂಬಿದ ಲಾರಿ ಬಂತು. ಮಧ್ಯಾಹ್ನದೊಳಗೆ ಪೊಲೀಸರು ಬಂದು ವಿಲೆಟ್ ಮನೆಯ ಬಾಗಿಲು ತಟ್ಟಿದರು.

ಮಗಳನ್ನು ಮಣ್ಣು ಮಾಡಿ ಬಂದ ದಿನ ರೋಲಂಡ್ ಆ ಒಡೆದ ಬಾಯಿಯ ಮೇಲೆ ಒಂದು ಬಕೆಟ್ ಬೋರಲು ಹಾಕಿ ಕಲ್ಲು ಹೇರಿದ. ಅಷ್ಟೇ. ನನ್ನ ಗಂಡ, "ನಾನು ಹಾಕಿಕೊಡ್ತೀನಿ ಮಾರಾಯ, ಒಂದು ಗಂಟೆ ಕೆಲಸ" ಎಂದಾಗ, "ಅದರ ಹತ್ತಿರ ಹೋಗಬೇಡ" ಎಂದ. ಬೈಗುಳವೂ ಇರಲಿಲ್ಲ ಆ ಮಾತಿನಲ್ಲಿ.

ಹಿಮ ಕರಗುವ ಕಾಲಕ್ಕೆ ಬಕೆಟ್ ಪಕ್ಕಕ್ಕೆ ವಾಲಿ, ಜಲ್ಲಿ, ಕೆಸರು ಎಲ್ಲ ಬಿರುಕಿನಿಂದ ಒಳಗಿಳಿಯಿತು. ಒಂದು ದಿನ ನೆಲಮಾಳಿಗೆಯಲ್ಲಿ ಹೊಲಸು ನೀರು ಉಕ್ಕಿತು. ಸೆಲೆಸ್ಟ್‌ಳ ಬಟ್ಟೆಗಳನ್ನು ಅವಳ ತಾಯಿ ಜನೀನ್ ಅಲ್ಲೇ ಪೆಟ್ಟಿಗೆಗಳಲ್ಲಿ ಇಟ್ಟಿದ್ದಳು. ಅವನ್ನೆಲ್ಲ ಮತ್ತೆ ಮತ್ತೆ ಒಗೆದರೂ ವಾಸನೆ ಹೋಗಲಿಲ್ಲ. ಚರಂಡಿಯವನು ಬಂದು ತಂತಿ ಬಿಟ್ಟು ಜಲ್ಲಿ ಎಳೆದು ತೆಗೆದ. ಅವನು ಹೋದ ಮೇಲೆ ಜನೀನ್ ಸಲಿಕೆ ತಂದು ಗಂಡನ ಮುಂದೆ ಇಟ್ಟಳು.

"ನೀನು ಅಗೀತೀಯೋ, ನಾನು ಅಗೀಲೋ?"

ಅವನು ಎದ್ದ. ಅಂಗಡಿಯಿಂದ ಪೈಪಿನ ತುಂಡು, ಕೂಡಿಸುವ ಕೊಳವೆ, ತಿರುಪಿನ ಮುಚ್ಚಳ, ಅಂಟು ತಂದ. ಮೊದಲು ಪೈಪಿನ ಬಾಯಿಗೆ ಮಣ್ಣು ಬೀಳದಂತೆ ಚಿಂದಿ ತುರುಕಿದ. ಬಿರುಕಿಲ್ಲದ ಭಾಗ ಸಿಗುವವರೆಗೆ ಸುತ್ತ ಅಗೆದ. ಗರಗಸ ಕೈಗೆತ್ತಿಕೊಂಡವನು ನಿಂತುಬಿಟ್ಟ. ಒಡೆದ ಅಂಚಿನಲ್ಲಿ ಟೈರಿನ ಕಪ್ಪು ಗುರುತು ಇನ್ನೂ ಇತ್ತು.

"ಜನೀನ್, ಅವಳು ಅವತ್ತು ದಾರೀಲಿ ನಿನಗೆ ಫೋನ್ ಮಾಡಿದ್ಲಾ? ಏನಾದ್ರೂ ಅಂದ್ಲಾ?"

ಬೇಲಿಯ ಈಚೆ ಬಟ್ಟೆ ಹರವುತ್ತಿದ್ದ ನನಗೂ ಅದು ಕೇಳಿಸಿತು. ಮಾಡಿದ್ಲು ಅನ್ನಲಿ, ನಕ್ಕಳು ಅನ್ನಲಿ ಎಂದು ಮನಸ್ಸು ಬೇಡಿಕೊಂಡಿತು.

"ಇಲ್ಲ ರೋಲ್. ಮಾಡಲಿಲ್ಲ. ನಿನಗೆ ನಾನು ಸುಳ್ಳು ಹೇಳಲ್ಲ."

ಅವನು ತಲೆಯಾಡಿಸಿದ. ಜನೀನ್ ಮಣ್ಣಿನಲ್ಲಿ ಮೊಣಕಾಲೂರಿ ಪೈಪನ್ನು ಎರಡೂ ಕೈಯಲ್ಲಿ ಅಲುಗಾಡದಂತೆ ಹಿಡಿದಳು. ಅವನು ಕೊಯ್ದ. ಅಂಚು ಉಜ್ಜಿ, ಅಂಟು ಚೆನ್ನಾಗಿ ಕಚ್ಚಲೆಂದು ನೇರಳೆ ದ್ರವ ಬಳಿದು, ಅಂಟು ಹಚ್ಚಿ, ಹೊಸ ತುಂಡನ್ನು ತಿರುಚಿ ಕೂರಿಸಿ ಒತ್ತಿ ಹಿಡಿದ. ಈ ಸಲ ಬಾಯಿ ನೆಲಕ್ಕೆ ಸಮನಾಗಿ ಬರುವಂತೆ ಅಳತೆ ಮಾಡಿದ್ದ. ಚಿಂದಿ ಎಳೆದು ತೆಗೆದ. ಜನೀನ್ ಒಳಗೆ ಹೋಗಿ ನಲ್ಲಿಗಳನ್ನೆಲ್ಲ ಬಿಟ್ಟಳು. ನೀರು ಸಲೀಸಾಗಿ ಹರಿಯಿತು. ಅವನು ಮುಚ್ಚಳ ತಿರುಗಿಸಿ, ಮಣ್ಣೆಳೆದು ತುಳಿದ.

ಆಮೇಲೆ ಕತ್ತರಿಸಿದ ತುಂಡನ್ನು ಎತ್ತಿಕೊಂಡು ಕಸದ ಡಬ್ಬಿಯವರೆಗೆ ಹೋದ. ಮುಚ್ಚಳ ತೆರೆದ. ಹಾಕಲಾರದೆ ಅಲ್ಲೇ ನಿಂತು, ಅದನ್ನು ಎದೆಗೆ ಒತ್ತಿಕೊಂಡು ಗೋಳೋ ಎಂದು ಅತ್ತ. ಮಗಳನ್ನು ಮಣ್ಣು ಮಾಡುವಾಗಲೂ ಅವನು ಅತ್ತಿರಲಿಲ್ಲ. ಜನೀನ್ ಬಂದು ಅವನ ಕೈಯಿಂದ ಅದನ್ನು ಬಿಡಿಸಿಕೊಳ್ಳಲಿಲ್ಲ; ಬೆನ್ನ ಮೇಲೆ ಕೆಸರುಗೈ ಇಟ್ಟು ನಿಂತಳು.

ಈಗ ಆ ಜಾಗದಲ್ಲಿ ಹುಲ್ಲು ಬೆಳೆದಿದೆ. ನಮ್ಮ ನಲ್ಲಿ ಸೋರಿದರೆ ರೋಲಂಡ್ ಇವತ್ತಿಗೂ ಬರುತ್ತಾನೆ, ಸರಿ ಮಾಡುತ್ತಾನೆ. ಒಂದು ಮಾತೂ ಬೈಯುವುದಿಲ್ಲ. ಬೈಯಲಿ ಎಂದು ನಾವು ಕಾಯುತ್ತೇವೆ.